ಅಜ್ಜಿಯ ಓದು, ಅಜ್ಜಿಯ ಕಣ್ಣು

ಸದ್ಭಕ್ತರ ಮನೆಗಳಲ್ಲಿ ಓದುವ ಅಜ್ಜಿಯರಿಗೆ ವಿಶಿಷ್ಟವಾದೊಂದು ಸ್ಥಾನವಿದೆ. ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ, ಪ್ರಸಾದ ಸ್ವೀಕರಿಸಿ, ಮನೆಯವರೆಲ್ಲ ತಮ್ಮ ತಮ್ಮ ಕೆಲಸಗಳಿಗೆ ತೆರಳಿದ ಮೇಲೆ ಪಡಸಾಲೆಯ ಕಂಬಕ್ಕೊರಗಿ ಕುಳಿತು ಅವರು ಪುಸ್ತಕ ತೆರೆಯುತ್ತಾರೆ. ಹಳೆಯ ವೃತ್ತಪತ್ರಿಕೆಯ ಹೊದಿಕೆ ಹಾಕಿದ ವಚನ ಸಂಪುಟ, ಗ್ರಂಥಾಲಯದಿಂದ ಮೊಮ್ಮಗ ತಂದುಕೊಟ್ಟ ಕಾದಂಬರಿ, ಪುರಾಣ, ಮಠದ ಮಾಸಪತ್ರಿಕೆ, ಯಾವುದೂ ಇಲ್ಲದಿದ್ದರೆ ಕಿರಾಣಿ ಪೊಟ್ಟಣ ಬಿಚ್ಚಿದ ಕಾಗದವಾದರೂ ಸರಿ, ಅಕ್ಷರವಿದ್ದರೆ ಅವರು ಅದನ್ನು ಬಿಡುವುದಿಲ್ಲ. ಪುಟಗಳ ನಡುವೆ ಒಣಗಿದ ಬಿಲ್ವಪತ್ರೆ, ಅಂಚಿನಲ್ಲಿ ವಿಭೂತಿಯ ಬೆರಳಚ್ಚು. ಕಾದಂಬರಿಯ ನಾಯಕಿಗೆ ಅನ್ಯಾಯವಾದರೆ ಮಧ್ಯಾಹ್ನವೆಲ್ಲ ಲೇಖಕನನ್ನು ಬೈಯುವುದೂ ಉಂಟು. ನೆರೆಮನೆಯ ಓದು ಬಾರದ ಗೆಳತಿಯರನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದಿ ಹೇಳುವಾಗ ಅವರ ಮುಖದಲ್ಲಿ ಕಾಣುವ ಗಾಂಭೀರ್ಯ ಯಾವ ಉಪನ್ಯಾಸಕರಿಗೂ ಕಡಿಮೆಯದಲ್ಲ.

ಆರೋಗ್ಯ ವಿಭಾಗದಲ್ಲಿ ಇದನ್ನೇಕೆ ಬರೆಯುತ್ತಿದ್ದೇವೆ ಎಂದು ಓದುಗರು ಕೇಳಬಹುದು. ಹಿರಿಯರು ಒಂದು ರೊಟ್ಟಿ ಕಡಿಮೆ ಉಂಡರೆ ಮನೆಮಂದಿ ಗಾಬರಿಯಾಗುತ್ತಾರೆ. ಎರಡು ದಿನ ಕೆಮ್ಮಿದರೆ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಆದರೆ ದಿನಕ್ಕೆ ಐವತ್ತು ಪುಟ ಓದುತ್ತಿದ್ದ ಅಜ್ಜಿ ಐದು ಪುಟಕ್ಕೆ ಇಳಿದರೆ, ಆಮೇಲೆ ಪುಸ್ತಕವನ್ನೇ ಮುಟ್ಟದಿದ್ದರೆ, ಅದನ್ನು ಯಾರೂ ರೋಗಲಕ್ಷಣವೆಂದು ಬಗೆಯುವುದಿಲ್ಲ. ವಯಸ್ಸಾಯಿತು, ಆಸಕ್ತಿ ಹೋಯಿತು ಎಂದು ಸುಮ್ಮನಾಗುತ್ತೇವೆ. ಓದುವವರು ಓದು ಬಿಟ್ಟರೆ ಅದಕ್ಕೊಂದು ಕಾರಣವಿರುತ್ತದೆ. ಬಹಳಷ್ಟು ಸಲ ಆ ಕಾರಣಕ್ಕೆ ಚಿಕಿತ್ಸೆಯೂ ಇರುತ್ತದೆ.

ಧಾರವಾಡ ಸೀಮೆಯ ಭಕ್ತಕುಟುಂಬವೊಂದರ ಹಿರಿಯರನ್ನು ನಾವು ಬಲ್ಲೆವು. ಆ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರು. ವಾರಕ್ಕೊಂದು ಕಾದಂಬರಿ ಅವರಿಗೆ ಸಾಲುತ್ತಿರಲಿಲ್ಲ. ಎಪ್ಪತ್ತೈದು ದಾಟಿದ ಮೇಲೆ ಒಂದು ದಿನ ಚಾಳೀಸು ಕನ್ನಡಕವಿಲ್ಲದೆ ವೃತ್ತಪತ್ರಿಕೆ ಓದತೊಡಗಿದರು. ಮನೆಯವರೆಲ್ಲ ಹಿಗ್ಗಿದರು, ಬಂದವರ ಮುಂದೆ ಹೇಳಿಕೊಂಡರು. ವರ್ಷ ಕಳೆಯುವುದರೊಳಗೆ ಪುಸ್ತಕಗಳು ಕಪಾಟು ಸೇರಿದವು. ಸೊಸೆ ಕೇಳಿದರೆ “ನಂಗೇನ್ ಆಗೇತಿ, ವಯಸ್ಸಾತು ಅಷ್ಟ” ಎಂಬ ಉತ್ತರ. ಹಸಿರು ಸೀರೆಗೆ ನೀಲಿ ಕುಪ್ಪಸ ತೊಟ್ಟು ಜಾತ್ರೆಗೆ ಹೊರಟಾಗಲೇ ಸೊಸೆಗೆ ಸಂಶಯ ಬಂದದ್ದು. ಪರೀಕ್ಷಿಸಿದಾಗ ಎರಡೂ ಕಣ್ಣುಗಳಲ್ಲಿ ಪೊರೆ.

ಕನ್ನಡಕವಿಲ್ಲದೆ ಓದಲು ಬಂದದ್ದು ವರವಲ್ಲ, ಪೊರೆಯ ಮುನ್ಸೂಚನೆ. ನಲವತ್ತು ದಾಟಿದಂತೆ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ, ಅದಕ್ಕೇ ಚಾಳೀಸು. ಪೊರೆ ಮಸೂರದ ನಡುಭಾಗದಲ್ಲಿ ಬೆಳೆಯತೊಡಗಿದಾಗ ಆ ಭಾಗ ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಸಮೀಪದೃಷ್ಟಿ ಬಂದಂತಾಗಿ ಹತ್ತಿರದ ಅಕ್ಷರ ಕೆಲಕಾಲ ಸ್ಪಷ್ಟವಾಗುತ್ತದೆ. ಆಗ ದೂರದ ನೋಟ ಕುಂದಿರುತ್ತದೆ, ಆದರೆ ಮನೆಯೊಳಗೇ ಇರುವವರಿಗೆ ಅದು ತಿಳಿಯುವುದಿಲ್ಲ. ಕ್ರಮೇಣ ಮಸೂರ ಹಳದಿಗಟ್ಟಿ ಬಣ್ಣಗಳು ಮಾಸುತ್ತವೆ. ನೀಲಿಗೂ ಹಸಿರಿಗೂ ಭೇದ ಕಾಣದು. ರಾತ್ರಿ ಎದುರು ಬರುವ ವಾಹನದ ದೀಪ ಕಣ್ಣಿಗೆ ರಾಚುತ್ತದೆ. ಕೊನೆಗೆ ಅಕ್ಷರವೂ ಹೋಗುತ್ತದೆ.

ಶಸ್ತ್ರಚಿಕಿತ್ಸೆ ಎಂದೊಡನೆ ಆ ಹಿರಿಯರು ಹಿಂಜರಿದರು. ಅವರ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಅವರ ತಾರುಣ್ಯದ ಕಾಲದಲ್ಲಿ ಬೀಳಗಿಯ ಮಣ್ಣಿನಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ನೇತ್ರ ಶಿಬಿರಗಳನ್ನು ನಡೆಸಿ, 1968ರಲ್ಲಿ ಪದ್ಮಭೂಷಣ ಪಡೆದು, ಅಸಂಖ್ಯ ಬಡವರಿಗೆ ಬೆಳಕು ಕೊಟ್ಟರು. ಅಂದಿನ ವಿಧಾನದಲ್ಲಿ ಮಬ್ಬಾದ ಮಸೂರವನ್ನು ತೆಗೆದುಹಾಕುತ್ತಿದ್ದರೇ ಹೊರತು ಅದರ ಬದಲಿಗೆ ಬೇರೊಂದನ್ನು ಇಡುತ್ತಿರಲಿಲ್ಲ. ಹಲವು ದಿನ ಕಣ್ಣಿಗೆ ಪಟ್ಟಿ, ಅಲುಗಾಡದೆ ಮಲಗುವ ಕಟ್ಟುಪಾಡು, ಆಮೇಲೆ ಜೀವಮಾನವಿಡೀ ಸೋಡಾ ಸೀಸೆಯ ತಳದಂಥ ದಪ್ಪ ಕನ್ನಡಕ. ಅಜ್ಜಿ ಚಿಕ್ಕವರಿದ್ದಾಗ ತಮ್ಮ ಸೋದರತ್ತೆಯನ್ನು ಕಂಡದ್ದು ಹಾಗೆಯೇ. ಕೃತಕ ಮಸೂರವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲು ಇರಿಸಿದ್ದು 1949ರಲ್ಲಿಯೇ ಆದರೂ ಅದು ನಮ್ಮ ಹಳ್ಳಿಗಳವರೆಗೆ ಬರಲು ದಶಕಗಳೇ ಹಿಡಿದವು. (ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರುಗಳು ವೈಮಾನಿಕರ ಕಣ್ಣು ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಕಂಡು ರಿಡ್ಲಿಯವರಿಗೆ ಆ ಯೋಚನೆ ಹೊಳೆಯಿತಂತೆ.) ಈಗ ಕೆಲವೇ ಮಿಲಿಮೀಟರ್ ಸೀಳಿನ ಮೂಲಕ ಪೊರೆ ತೆಗೆದು ಕೃತಕ ಮಸೂರ ಕೂರಿಸುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಬಹುತೇಕರು ಅಂದೇ ಮನೆಗೆ ಮರಳುತ್ತಾರೆ. ಪೊರೆ ಪೂರ್ತಿ ಹಣ್ಣಾಗಲಿ ಎಂದು ಕಾಯಬೇಕಾಗಿಲ್ಲ. ಹಣ್ಣಾದಷ್ಟೂ ಶಸ್ತ್ರಚಿಕಿತ್ಸೆ ಕಠಿಣ. ನಂದಿಬಟ್ಟಲ ರಸ, ಜೇನುತುಪ್ಪ ಮುಂತಾದವನ್ನು ಕಣ್ಣಿಗೆ ಬಿಡುವ ಪದ್ಧತಿ ಇಂದಿಗೂ ಕೆಲವೆಡೆ ಇದೆ. ಪೊರೆಯನ್ನು ಕರಗಿಸುವ ಹನಿ ಯಾವುದೂ ಇಲ್ಲ, ಕಣ್ಣಿಗೆ ನಂಜೇರುವ ಅಪಾಯ ಮಾತ್ರ ಇದೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದಲೂ ನಡೆಯುತ್ತಿದ್ದು, ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ.

ಓದುವವರಿಗೆ ಮುಖ್ಯವಾದ, ಆದರೆ ಯಾರೂ ಬಿಡಿಸಿ ಹೇಳದ ಸಂಗತಿಯೊಂದಿದೆ. ಸಾಮಾನ್ಯವಾಗಿ ಇಡುವ ಮಸೂರ ದೂರದ ನೋಟಕ್ಕೆ ಹೊಂದಿಸಿದ್ದು. ಶಸ್ತ್ರಚಿಕಿತ್ಸೆಯಾದ ಮರುದಿನ ಅಜ್ಜಿಗೆ ಎದುರುಮನೆಯ ಹೆಂಚು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ, ಕೈಯಲ್ಲಿನ ಪುಸ್ತಕದ ಅಕ್ಷರ ಮಾತ್ರ ಕಾಣುವುದಿಲ್ಲ. ನಾವು ಹೇಳಿದ ಹಿರಿಯರು ಚಿಕಿತ್ಸೆ ಕೆಟ್ಟಿತೆಂದೇ ತಿಳಿದು ಎರಡು ವಾರ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಕಣ್ಣು ಮಾಯಲು ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಅಳತೆ ನೋಡಿ ಓದುವ ಕನ್ನಡಕ ಕೊಡುತ್ತಾರೆ. ಈ ಕನ್ನಡಕಕ್ಕೆ ಹೋಗದೆ ಉಳಿದು, ಪೊರೆ ತೆಗೆಸಿಯೂ ಓದು ಕಳೆದುಕೊಂಡವರು ಇದ್ದಾರೆ. ನಮ್ಮ ಮಟ್ಟಿಗೆ ಇದು ತೀರ ನೋವಿನ ವಿಷಯ. ಎಲ್ಲ ಮಾಡಿ ಕೊನೆಯ ಸಣ್ಣ ಕೆಲಸವೊಂದನ್ನು ಬಿಟ್ಟಂತೆ.

ಆ ವಾರಗಳಲ್ಲಿ ಕಣ್ಣಿಗೆ ನೀರು ತಾಗದಂತೆ, ಕೈಯಿಂದ ಉಜ್ಜದಂತೆ ನೋಡಿಕೊಳ್ಳಬೇಕು. ನಮ್ಮ ಹಿರಿಯರ ವಿಷಯದಲ್ಲಿ ಮತ್ತೊಂದು ಎಚ್ಚರಿಕೆಯೂ ಬೇಕು: ಹಣೆಗೆ ವಿಭೂತಿ ಧರಿಸುವಾಗ ಪುಡಿ ಉದುರಿ ಕಣ್ಣಿಗೆ ಬೀಳುತ್ತದೆ. ವೈದ್ಯರು ಹೇಳಿದಷ್ಟು ದಿನ ತೆಳುವಾಗಿ ಧರಿಸಲಿ, ಧರಿಸುವಾಗ ಕಣ್ಣು ಮುಚ್ಚಿರಲಿ. ಒಲೆಯ ಹೊಗೆ, ಊದುಬತ್ತಿಯ ಹೊಗೆಗಳಿಂದ ದೂರವಿರಲಿ. ಕೆಲವರಿಗೆ ಒಂದೆರಡು ವರ್ಷಗಳ ನಂತರ ಮತ್ತೆ ಮಂಜು ಕವಿದಂತಾಗುತ್ತದೆ. ಪೊರೆ ಮರಳಿ ಬಂತೆಂದು ಹೆದರುವುದು ಬೇಡ; ಮಸೂರದ ಹಿಂದಿನ ಪದರ ಮಬ್ಬಾಗಿರುತ್ತದೆ, ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಸರಿಪಡಿಸುತ್ತಾರೆ.

ಪೊರೆಯೊಂದೇ ಕಾರಣವಾಗಿರಬೇಕೆಂದಿಲ್ಲ. ಗ್ಲಾಕೋಮಾದಲ್ಲಿ ನೋವಿಲ್ಲದೆ, ಸದ್ದಿಲ್ಲದೆ ಅಂಚಿನ ನೋಟ ಸವೆಯುತ್ತದೆ. ಕಳೆದುಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಔಷಧದಿಂದ ಕಾಪಾಡಿಕೊಳ್ಳಬಹುದು. ಮಧುಮೇಹವಿರುವವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ಮಾಡಿಸಲೇಬೇಕು. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದರೆ ಓದುವ ಸಾಲುಗಳು ಡೊಂಕಾಗಿ ಕಾಣುತ್ತವೆ, ಪದದ ಮಧ್ಯದಲ್ಲೇ ಕಪ್ಪು ಕಲೆ ನಿಲ್ಲುತ್ತದೆ. ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮರೆಮಾಚುವುದರಿಂದ, ತಿಂಗಳಿಗೊಮ್ಮೆ ಗೋಡೆಯ ಕ್ಯಾಲೆಂಡರಿನ ಮುಂದೆ ಕೂರಿಸಿ ಒಂದೊಂದೇ ಕಣ್ಣು ಮುಚ್ಚಿ ನೋಡಿಸುವುದು ಒಳ್ಳೆಯದು. ಚೌಕಗಳ ಗೆರೆ ಬಾಗಿದಂತೆ ಕಂಡರೆ ತಡಮಾಡಬಾರದು. ಕಣ್ಣೆದುರು ಏಕಾಏಕಿ ಮಿಂಚು, ಕಪ್ಪು ಹುಳುಗಳ ಹಾರಾಟ, ಪರದೆ ಇಳಿದಂತಾಗುವುದು, ಕೆಂಪಾದ ಕಣ್ಣಿನೊಂದಿಗೆ ತಲೆನೋವು ವಾಂತಿ, ಇವು ಅಂದೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಇನ್ನು ಬೆಳಕು. ಅರವತ್ತರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಆದರೂ ಮನೆಯ ಅತಿ ಮಂದ ದೀಪದ ಕೆಳಗೆ ಕೂರುವವರು ಅಜ್ಜಿಯೇ. ವಿದ್ಯುತ್ ಬಿಲ್ಲಿನ ಚಿಂತೆಯೂ ಅವರದೇ. ಹೆಗಲ ಹಿಂದಿನಿಂದ ಪುಟದ ಮೇಲೆ ನೇರವಾಗಿ ಬೀಳುವ ದೀಪವೊಂದನ್ನು ಮಗನೋ ಮಗಳೋ ಹಾಕಿಸಿಕೊಡಲಿ. ತೊಡೆಯ ಮೇಲೆ ಪುಸ್ತಕವಿಟ್ಟು ಕತ್ತು ಬಾಗಿಸಿ ಗಂಟೆಗಟ್ಟಲೆ ಓದಿದರೆ ಕತ್ತುನೋವು ತಪ್ಪಿದ್ದಲ್ಲ. ಅಟ್ಟದಲ್ಲಿರುವ ಹಳೆಯ ವ್ಯಾಸಪೀಠವನ್ನು ಒರೆಸಿ ಕೆಳಗಿಳಿಸಬಹುದು. ಓದುತ್ತಾ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಉರಿಯುತ್ತದೆ, ನಡುನಡುವೆ ದೂರದ ಮರವನ್ನು ನೋಡಬೇಕು. ಎಲ್ಲಕ್ಕಿಂತ ನಮಗೆ ಚಿಂತೆ ಹುಟ್ಟಿಸುವುದು ಬೀಳುವಿಕೆ. ಓದುವ ಕನ್ನಡಕ ಹಾಕಿಕೊಂಡೇ ಮೆಟ್ಟಿಲಿಳಿದರೆ ಕಾಲ ಕೆಳಗಿನ ನೆಲ ಮಸುಕಾಗಿ ಕಾಣುತ್ತದೆ. ರಕ್ತದೊತ್ತಡದ ಮಾತ್ರೆ ನುಂಗುವವರು ಬಹಳ ಹೊತ್ತು ಕುಳಿತು ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ತೊಡೆಯ ಸಂದಿನ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾಗುತ್ತದೆ. ಪುಸ್ತಕ ಮುಚ್ಚಿ, ಕನ್ನಡಕ ತೆಗೆದಿಟ್ಟು, ಒಂದು ನಿಮಿಷ ಕುಳಿತು, ಗೋಡೆ ಹಿಡಿದು ಏಳುವ ರೂಢಿ ಆಗಬೇಕು.

ಓದು ಮರೆವನ್ನು ತಡೆಯುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 75 ದಾಟಿದ 469 ಜನರನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓದುವ ಹವ್ಯಾಸವುಳ್ಳವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡುಬಂದಿತು. ಓದಿನಿಂದಲೇ ಹಾಗಾಯಿತೆಂದು ಹೇಳಲಾಗದು. ಮರೆವು ತಲೆದೋರುವ ಮೊದಲೇ ಕೆಲವರು ಓದು ಬಿಟ್ಟಿರಬಹುದು. ಆದರೆ 2024ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯ ತಜ್ಞ ಆಯೋಗವು ಚಿಕಿತ್ಸೆ ಪಡೆಯದ ದೃಷ್ಟಿದೋಷವನ್ನು ಮರೆವಿನ ಕಾಯಿಲೆಯ ಅಪಾಯಕಾರಣಗಳ ಪಟ್ಟಿಗೆ ಸೇರಿಸಿತು. ಹೀಗಿರುವಾಗ ಕಣ್ಣಿನ ಪೊರೆಯನ್ನು ಕಣ್ಣಿನ ವಿಷಯವೆಂದಷ್ಟೇ ಬಗೆದು ಮುಂದೂಡುವುದು ವಿವೇಕವಲ್ಲ. ಅಕ್ಷರ ಕಾಣುತ್ತಿದ್ದರೂ ಒಂದೇ ಪುಟವನ್ನು ಮತ್ತೆ ಮತ್ತೆ ಓದುವುದು, ನಿನ್ನೆಯ ಕಥೆ ಇಂದು ನೆನಪಿಲ್ಲದಿರುವುದು, ಪುಸ್ತಕದೊಂದಿಗೆ ಊಟ, ಮಾತು, ನೆರೆಹೊರೆಗಳೂ ಬೇಡವಾಗುವುದು ಕಂಡರೆ ಮನಸ್ಸಿನ ಪರೀಕ್ಷೆಯೂ ಆಗಲಿ. ವೃದ್ಧಾಪ್ಯದ ಖಿನ್ನತೆಗೂ ಔಷಧವಿದೆ.

ನೇತ್ರ ವೈದ್ಯರಲ್ಲಿಗೆ ಹೋಗುವಾಗ ಹಳೆಯ ಕನ್ನಡಕ, ನುಂಗುತ್ತಿರುವ ಮಾತ್ರೆಗಳ ಚೀಟಿಗಳ ಜೊತೆಗೆ ಅಜ್ಜಿ ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಚೀಲದಲ್ಲಿಡಿ. ಆಸ್ಪತ್ರೆಯ ಗೋಡೆಯ ಫಲಕ ಓದಿದರೆ ಸಾಲದು, ಈ ಅಕ್ಷರ ಓದಬೇಕು ಎಂದು ವೈದ್ಯರಿಗೆ ತೋರಿಸಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಅಕ್ಷರ ಮಸುಕಾಗಿರುತ್ತದೆ, ಜೊತೆಗೊಬ್ಬರು ಇರಲೇಬೇಕು. ಅಂದಿನ ಸಂಜೆಯ ಓದನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ.