ದುಗ್ಧಗ್ರಂಥಿಗಳು ಮತ್ತು ಅವುಗಳೊಳಗಿನ ರಕ್ಷಕ ಕಣಗಳು

ಅಂಗಾಲಿಗೆ ಮುಳ್ಳು ಚುಚ್ಚಿ ಕೀವು ತುಂಬಿದಾಗ ತೊಡೆಯ ಸಂದಿನಲ್ಲಿ ನೋಯುವ ಗಂಟೊಂದು ಏಳುವುದುಂಟು. ಹಲ್ಲು ಹುಳುಕಾದರೆ ದವಡೆಯ ಕೆಳಗೆ, ಬೆರಳಿಗೆ ಗಾಯವಾದರೆ ಕಂಕುಳಿನಲ್ಲಿ ಇಂಥದೇ ಗಂಟು ಕೈಗೆ ಸಿಗುತ್ತದೆ. ಗಾಯವಾದುದು ಒಂದೆಡೆ, ಬಾವು ಬಂದುದು ಮತ್ತೊಂದೆಡೆ. ಇದಕ್ಕೆ ಕಾರಣವೇನು? ಈ ಗಂಟು ಹೊಸದಾಗಿ ಹುಟ್ಟಿದ ರೋಗವಲ್ಲ. ಮೊದಲಿನಿಂದಲೂ ಅಲ್ಲಿಯೇ ಇದ್ದು, ಈಗ ತನ್ನ ಕಾರ್ಯದಲ್ಲಿ ತೊಡಗಿ ಉಬ್ಬಿರುವ ದುಗ್ಧಗ್ರಂಥಿಯೇ ಅದು.

ರಕ್ತನಾಳಗಳಿಂದ ಅಂಗಾಂಶಗಳಿಗೆ ಒಸರಿದ ದ್ರವದ ಒಂದು ಭಾಗವು ತೆಳುವಾದ ಬೇರೆ ನಾಳಗಳನ್ನು ಸೇರಿ, ಕೊನೆಗೆ ಕತ್ತಿನ ಬುಡದಲ್ಲಿರುವ ಅಭಿಧಮನಿಗಳ ಮೂಲಕ ರಕ್ತಕ್ಕೆ ಮರಳುತ್ತದೆ. ಇದೇ ದುಗ್ಧರಸ. ಅದರ ಹಾದಿಯಲ್ಲಿ ಅವರೆಕಾಳಿನ ಆಕಾರದ ಸುಮಾರು 500ರಿಂದ 800 ಗ್ರಂಥಿಗಳಿವೆ. ಗಾಯದಲ್ಲಿ ನುಗ್ಗಿದ ರೋಗಾಣುಗಳು ದುಗ್ಧರಸದೊಡನೆ ಹರಿದು ಬಂದಾಗ ಮೊದಲು ತಲಪುವುದು ಸಮೀಪದ ಗ್ರಂಥಿಯನ್ನು.

ಗ್ರಂಥಿಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ವಲಯಗಳು ಕಾಣುತ್ತವೆ. ಹೊರವಲಯದ ದುಂಡನೆಯ ಗುಂಪುಗಳಲ್ಲಿ ಅಸ್ಥಿಮಜ್ಜೆಯಲ್ಲಿ ಬೆಳೆದ ಬಿ ಕಣಗಳಿವೆ. ನಡುವಲಯದಲ್ಲಿ ಥೈಮಸ್ ಗ್ರಂಥಿಯಲ್ಲಿ ಪಕ್ವವಾದ ಟಿ ಕಣಗಳಿವೆ. ಇವೆರಡೂ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ಒಳವಲಯದಲ್ಲಿ ರೋಗಾಣುಗಳನ್ನು ನುಂಗುವ ಭಕ್ಷಕ ಕಣಗಳೂ ಪ್ರತಿಕಾಯಗಳನ್ನು ಸ್ರವಿಸುವ ಪ್ಲಾಸ್ಮಾ ಕಣಗಳೂ ನೆಲೆಸಿವೆ.

ಗ್ರಂಥಿಯು ಕೇವಲ ಒಂದು ಸೋಸುವ ಜರಡಿಯೆಂದು ಭಾವಿಸಬಾರದು. ಪ್ರತಿಯೊಂದು ಲಿಂಫೋಸೈಟ್ ತನಗೆ ಹೊಂದುವ ಒಂದೇ ಬಗೆಯ ಗುರುತನ್ನು ಮಾತ್ರ ಬಲ್ಲದು. ಹೊಸದೊಂದು ರೋಗಾಣುವಿನ ಗುರುತನ್ನು ಹಿಡಿಯಬಲ್ಲ ಟಿ ಕಣವು ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇದ್ದೀತು. ಇಷ್ಟು ವಿರಳವಾದ ಕಣವು ಅಂಗಾಲಿನ ಮುಳ್ಳುಗಾಯವನ್ನು ತಾನೇ ಹುಡುಕಿಕೊಂಡು ಹೋಗುವುದು ಅಸಾಧ್ಯ. ಆದುದರಿಂದ ಕೊಂಬೆಗಳಂತಹ ಚಾಚುಗಳುಳ್ಳ ಡೆಂಡ್ರೈಟಿಕ್ ಕಣಗಳು ಗಾಯದ ಸ್ಥಳದಿಂದ ರೋಗಾಣುವಿನ ತುಣುಕುಗಳನ್ನು ಹೊತ್ತು ಗ್ರಂಥಿಗೆ ಬರುತ್ತವೆ. ಇವುಗಳನ್ನು 1973ರಲ್ಲಿ ವರ್ಣಿಸಿದ ರಾಲ್ಫ್ ಸ್ಟೈನ್‌ಮನ್ನರಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇತ್ತ ಟಿ ಕಣಗಳು ರಕ್ತದಿಂದ ಗ್ರಂಥಿಗೆ ಇಳಿದು, ಸುಮಾರು ಒಂದು ದಿನ ಹುಡುಕಿ, ತಮ್ಮ ಗುರುತು ಸಿಗದಿದ್ದರೆ ಮುಂದಿನ ಗ್ರಂಥಿಗೆ ಸಾಗುತ್ತವೆ. ಲಿಂಫೋಸೈಟುಗಳ ಈ ನಿರಂತರ ಸಂಚಾರವನ್ನು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ 1950ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಹೀಗೆ ಗ್ರಂಥಿಯು ವಿರಳ ಕಣಕ್ಕೂ ಅದರ ವೈರಿಯ ಗುರುತಿಗೂ ಭೇಟಿ ಮಾಡಿಸುವ ತಾಣವಾಗಿದೆ.

ಭೇಟಿಯಾದೊಡನೆ ಆ ಕಣವು ಒಡೆದು ಒಡೆದು ಕೆಲವೇ ದಿನಗಳಲ್ಲಿ ಸಾವಿರಾರಾಗುತ್ತದೆ. ಟಿ ಕಣಗಳ ನೆರವಿನಿಂದ ಬಿ ಕಣಗಳೂ ವೃದ್ಧಿಗೊಂಡು ಪ್ಲಾಸ್ಮಾ ಕಣಗಳಾಗುತ್ತವೆ. ಗಂಟು ಉಬ್ಬುವುದು ಮುಖ್ಯವಾಗಿ ಇದರಿಂದಲೇ. ಕೆಲವು ಕಣಗಳು ಸ್ಮೃತಿಕಣಗಳಾಗಿ ಉಳಿದು, ಅದೇ ರೋಗಾಣು ಮತ್ತೆ ಬಂದಾಗ ಶೀಘ್ರವಾಗಿ ಎದುರಿಸುತ್ತವೆ. ಲಸಿಕೆಯ ಫಲವೂ ಇದೇ ಕ್ರಮದಿಂದ ದೊರೆಯುತ್ತದೆ.

ಕೆಲವೊಮ್ಮೆ ಕಾವಲುಗಾರರೇ ಸೋಲುವುದೂ ಉಂಟು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರಲ್ಲಿ ಹುಬ್ಬಳ್ಳಿ, ಬೆಂಗಳೂರುಗಳನ್ನು ತಲ್ಲಣಗೊಳಿಸಿದ ಪ್ಲೇಗಿನ ಗಡ್ಡೆಗಳು ಇವೇ ದುಗ್ಧಗ್ರಂಥಿಗಳು. ಪ್ಲೇಗಿನ ರೋಗಾಣು ಭಕ್ಷಕ ಕಣಗಳ ಒಳಗೂ ಬದುಕಿ, ಗ್ರಂಥಿಯಲ್ಲಿಯೇ ಬೆಳೆದು ರಕ್ತಕ್ಕೆ ನುಗ್ಗುತ್ತಿತ್ತು. ಕ್ಷಯದ ರೋಗಾಣುವೂ ಹಾಗೆಯೇ ಕತ್ತಿನ ಗ್ರಂಥಿಗಳಲ್ಲಿ ಬಹುಕಾಲ ಬೇರೂರಬಲ್ಲದು.

ಈ ತಿಳಿವಳಿಕೆಯಿಂದ ನಮಗಾಗುವ ಪ್ರಯೋಜನವೇನು? ಗಾಯದಿಂದೆದ್ದ ಗಂಟನ್ನು ತಿಕ್ಕುವುದಾಗಲಿ, ಬರೆ ಹಾಕುವುದಾಗಲಿ ಸಲ್ಲದು. ಚಿಕಿತ್ಸೆ ಬೇಕಾದುದು ಗಾಯಕ್ಕೆ; ಅದು ಮಾಯ್ದಂತೆ ಗಂಟೂ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ನೋವಿಲ್ಲವೆಂದು ಗಂಟನ್ನು ಅಲಕ್ಷಿಸಬಾರದು. ಮೂರು ನಾಲ್ಕು ವಾರ ಕಳೆದರೂ ಇಳಿಯದೆ ಉಳಿದ, ಗಟ್ಟಿಯಾಗಿ ಬೆಳೆಯುತ್ತಿರುವ, ಇಲ್ಲವೆ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆಗಳೊಡನೆ ಕಾಣುವ ಗಂಟು ಕ್ಷಯ ಅಥವಾ ಅರ್ಬುದದ ಸೂಚನೆಯಾಗಿರಬಹುದು. ಗ್ರಂಥಿಯ ಕ್ಷಯವನ್ನು ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣಪಡಿಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಔಷಧ ಉಚಿತ. ಸಹಪಾಠಿಯ ಕತ್ತಿನಲ್ಲಿ ಇಂಥ ಗಂಟು ಕಂಡರೆ ಹಾಸ್ಯ ಮಾಡದೆ, ದೂರ ಸರಿಯದೆ, ಮನೆಯವರಿಗೂ ಗುರುಗಳಿಗೂ ತಿಳಿಸಿ ವೈದ್ಯರಲ್ಲಿಗೆ ಕಳುಹಿಸುವುದು ವಿದ್ಯಾವಂತರಾದವರ ಕರ್ತವ್ಯ.