ಊರು ಬಿಟ್ಟ ತರಂಗಾಂತರ

ಅಮೆರಿಕದ ಯಾವುದೇ ಎಫ್‌ಎಂ ಕೇಂದ್ರವನ್ನು ಒಂದು ಗಂಟೆ ಬಿಡದೆ ಕೇಳಿ. ನಡುವೆ ಒಮ್ಮೆ ಕೇಂದ್ರದ ಅಧಿಕೃತ ಹೆಸರು, ಅದರ ಬೆನ್ನಿಗೇ ಒಂದು ಊರಿನ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ. ಗಂಟೆಗೊಮ್ಮೆ ಇದನ್ನು ಹೇಳಲೇಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಎಷ್ಟೋ ಕೇಂದ್ರಗಳು ಆ ಊರಿನ ಹೆಸರನ್ನು ಎರಡು ಜಾಹೀರಾತುಗಳ ಸಂದಿಯಲ್ಲಿ ಅವಸರವಾಗಿ ಮುಗಿಸಿ, ಪಕ್ಕದ ಮಹಾನಗರದ ಹೆಸರನ್ನು ಗಟ್ಟಿಯಾಗಿ ಸಾರುತ್ತವೆ. ಲೈಸೆನ್ಸ್ ಸಣ್ಣ ಊರಿನದು, ಸಂಪಾದನೆ ದೊಡ್ಡ ನಗರದ್ದು.

ಹೀಗೆ ಹಳ್ಳಿಗಾಡಿನ ಕೇಂದ್ರವೊಂದು ಹಂತಹಂತವಾಗಿ ನಗರದ ಕಡೆ ಸರಿಯುವುದಕ್ಕೆ ಆ ವೃತ್ತಿಯವರು ‘ಮೂವ್-ಇನ್’ ಎನ್ನುತ್ತಾರೆ. ನಗರದ ಅಂಚಿನಲ್ಲಿ ಟವರ್ ನೆಟ್ಟು ಒಳಕ್ಕೆ ಸಿಗ್ನಲ್ ತೂರುವ ಕೇಂದ್ರಕ್ಕೆ ‘ರಿಮ್‌ಶಾಟ್’ ಎಂಬ ಹೆಸರಿದೆ. ಕಾರಣ ಸರಳ. ಜಾಹೀರಾತಿನ ದರ ನಿರ್ಧಾರವಾಗುವುದು ಕೇಳುಗರ ಸಂಖ್ಯೆಯಿಂದ. ಅಂಗಡಿ ಮುಂಗಟ್ಟು ಕಡಿಮೆಯಾಗುತ್ತಿರುವ ಊರಿನಲ್ಲಿ ಕುಂಟುತ್ತಿದ್ದ ಅದೇ ಲೈಸೆನ್ಸ್ ನಗರದ ವ್ಯಾಪ್ತಿಗೆ ಬಂದರೆ ಅದರ ಬೆಲೆ ಹಲವು ಪಟ್ಟು ಏರುತ್ತದೆ.

ಅಮೆರಿಕದಲ್ಲಿ ಎಫ್‌ಎಂಗೆ ಇರುವ ಜಾಗ 88ರಿಂದ 108 ಮೆಗಾಹರ್ಟ್ಸ್. ಅಂದರೆ ಒಟ್ಟು ನೂರು ಚಾನೆಲ್. ಇಡೀ ದೇಶ ಇದನ್ನೇ ಹಂಚಿಕೊಳ್ಳಬೇಕು. ಆದ್ದರಿಂದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಕೇಂದ್ರಗಳ ನಡುವೆ ಕನಿಷ್ಠ ದೂರ ಗೊತ್ತುಮಾಡಿದೆ. 6 ಕಿಲೋವಾಟ್‌ವರೆಗಿನ ‘ಎ’ ವರ್ಗದ ಎರಡು ಕೇಂದ್ರಗಳು ಒಂದೇ ಚಾನೆಲ್ ಬಳಸಬೇಕಾದರೆ ನಡುವೆ 115 ಕಿ.ಮೀ. ಇರಬೇಕು. 100 ಕಿಲೋವಾಟ್‌ನ ‘ಸಿ’ ವರ್ಗಕ್ಕೆ ಆ ದೂರ 290 ಕಿ.ಮೀ. ಅಕ್ಕಪಕ್ಕದ ಚಾನೆಲ್‌ಗಳಿಗೂ ಬೇರೆ ಬೇರೆ ಲೆಕ್ಕವಿದೆ. ಹೀಗಾಗಿ ಒಂದು ಕೇಂದ್ರ ನಗರಕ್ಕೆ ಬರಬೇಕಾದರೆ ದಾರಿಯಲ್ಲಿರುವ ಹಲವು ಕೇಂದ್ರಗಳು ಚಾನೆಲ್ ಬದಲಿಸಬೇಕು, ಶಕ್ತಿ ತಗ್ಗಿಸಬೇಕು, ಇಲ್ಲವೇ ಜಾಗ ಬಿಡಬೇಕು. ತುಂಬಿದ ಬಸ್ಸಿನಲ್ಲಿ ಹಿಂದಿದ್ದವನು ಮುಂಬಾಗಿಲಿಗೆ ಬರಲು ನಾಲ್ವರು ಮಗ್ಗುಲಾದ ಹಾಗೆ.

ಸಿಗ್ನಲ್ ತಿಕ್ಕಾಟದ ಕಥೆ ಶುರುವಾಗುವುದು ಇಲ್ಲೇ. ಎಫ್‌ಎಂ ರಿಸೀವರ್‌ನದು ಒಂದು ವಿಶೇಷ ಗುಣ: ಒಂದೇ ಚಾನೆಲ್‌ನಲ್ಲಿ ಎರಡು ಸಿಗ್ನಲ್ ಬಂದರೆ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ಅಡಗಿಸಿಬಿಡುತ್ತದೆ. ಎರಡೂ ಹತ್ತಿರಹತ್ತಿರ ಸಮಬಲವಿರುವ ಕಡೆ ಕಾರು ಓಡಿಸುತ್ತಿದ್ದರೆ ಈ ತಿರುವಿನಲ್ಲಿ ಹಳ್ಳಿಗಾಡಿನ ಹಾಡು, ಆ ಇಳಿಜಾರಿನಲ್ಲಿ ಪ್ರವಚನ. ಕೇಂದ್ರದ ಸುತ್ತ ಎಫ್‌ಸಿಸಿ ಒಂದು ರಕ್ಷಿತ ಗಡಿ ಎಳೆಯುತ್ತದೆ. ಅದರೊಳಗೆ ಬೇರೆ ಕೇಂದ್ರ ಅಡ್ಡಬರಬಾರದು. ಗಡಿಯ ಹೊರಗೂ ಸಿಗ್ನಲ್ ಹೋಗುತ್ತದೆ. ಒಳ್ಳೆಯ ಆಂಟೆನಾ ಇದ್ದವರು ಅಲ್ಲಿಯೂ ವರ್ಷಗಟ್ಟಲೆ ಕೇಳುತ್ತಿರುತ್ತಾರೆ. ಹೊಸ ಕೇಂದ್ರ ಬಂದು ಅವರ ನೆಚ್ಚಿನ ದನಿಯನ್ನು ನುಂಗಿದರೆ, ಕಡತದ ಪ್ರಕಾರ ಯಾರಿಗೂ ತೊಂದರೆಯಾಗಿಲ್ಲ.

ಹಾಗಾದರೆ ಸಣ್ಣ ಊರಿಗೆ ಕಾನೂನಿನ ಆಸರೆ ಇಲ್ಲವೇ? ಇದೆ. 1934ರ ಸಂವಹನ ಕಾಯ್ದೆಯ 307(ಬಿ) ವಿಧಿ ರೇಡಿಯೊ ಸೇವೆಯನ್ನು ರಾಜ್ಯಗಳಿಗೂ ಊರುಗಳಿಗೂ ನ್ಯಾಯವಾಗಿ, ದಕ್ಷವಾಗಿ ಹಂಚಬೇಕು ಎನ್ನುತ್ತದೆ. ಅದಕ್ಕಾಗಿ ಎಫ್‌ಸಿಸಿ ಆದ್ಯತೆಯ ಪಟ್ಟಿಯನ್ನೂ ಮಾಡಿತು. ತನ್ನದೆಂಬ ಒಂದೂ ಕೇಂದ್ರವಿಲ್ಲದ ಊರಿಗೆ ಅದರಲ್ಲಿ ಮೇಲಿನ ಸ್ಥಾನ. ಕೇಳಲು ಎಷ್ಟು ಚೆಂದ! ಆದರೆ ನಗರದ ಮಗ್ಗುಲಲ್ಲೇ ಇರುವ ಪುಟ್ಟ ಪುರಸಭೆಗಳ ಹೆಸರಿನಲ್ಲಿ ಸಾಮಾನ್ಯವಾಗಿ ಒಂದೂ ಕೇಂದ್ರ ಇರುವುದಿಲ್ಲ. ಅಲ್ಲಿನವರು ಕೇಳುವುದು ನಗರದ ಹತ್ತಾರು ಕೇಂದ್ರಗಳನ್ನು. ಕಾಗದದ ಮೇಲೆ ಮಾತ್ರ ಅವು ರೇಡಿಯೊ ಭಾಗ್ಯವಿಲ್ಲದ ಊರುಗಳು. ಹಳ್ಳಿಗಾಗಿ ಮಾಡಿದ ನಿಯಮ ಉಪನಗರಕ್ಕೆ ಏಣಿಯಾಯಿತು.

ಅಲಬಾಮಾದ ಆನಿಸ್ಟನ್ ಇದಕ್ಕೆ ತಕ್ಕ ನಿದರ್ಶನ. ಅಲ್ಲಿನ 100.5ರ ಡಬ್ಲ್ಯುಎಚ್‌ಎಂಎ 100 ಕಿಲೋವಾಟ್‌ನ ಭಾರೀ ಕೇಂದ್ರವಾಗಿತ್ತು. ಅದನ್ನು ಜಾರ್ಜಿಯಾದ ಕಾಲೇಜ್ ಪಾರ್ಕ್‌ಗೆ ವರ್ಗಾಯಿಸುವ ಪ್ರಸ್ತಾವ ಬಂತು. ಅಟ್ಲಾಂಟಾದ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಊರು ಅದು. ಅದಕ್ಕೆ ತನ್ನದೇ ಮೇಯರ್, ಪೊಲೀಸ್ ಇದ್ದಾರೆಯೇ, ಊರು ನಗರದ ನೆರಳಲ್ಲದೆ ಸ್ವತಂತ್ರವಾಗಿ ಬದುಕುತ್ತಿದೆಯೇ ಎಂಬ ಪರೀಕ್ಷೆ ನಡೆಯಿತು, ಊರು ಪಾಸಾಯಿತು. ಅಲಬಾಮಾದ ಆಶ್‌ಲ್ಯಾಂಡ್‌ಗೆ ಪರಿಹಾರವೆಂಬಂತೆ ಒಂದು ಚಾನೆಲ್ ಸಿಕ್ಕಿತು. 2001ರಲ್ಲಿ 100.5 ಅಟ್ಲಾಂಟಾದ ಪಾಪ್ ಕೇಂದ್ರವಾಗಿ, ‘ಕ್ಯು100’ ಎಂಬ ಹೆಸರಿನಲ್ಲಿ ಮೊಳಗತೊಡಗಿತು.

ಇಂಥ ವರ್ಗಾವಣೆಗಳಿಗೆ ದಾರಿ ಸವೆದದ್ದು ಒಂದೇ ದಿನದಲ್ಲಲ್ಲ. 1980ರ ದಶಕದಲ್ಲಿ ಎಫ್‌ಸಿಸಿ 689 ಹೊಸ ಚಾನೆಲ್‌ಗಳನ್ನು ಪಟ್ಟಿಗೆ ಸೇರಿಸಿತು, ಸಂದಿಗೊಂದಿಗಳೆಲ್ಲ ಭರ್ತಿಯಾದವು. ಊರು ಬದಲಿಸಲು ಹೊರಟರೆ ಅದೇ ಚಾನೆಲ್‌ಗೆ ಬೇರೆಯವರೂ ಪೈಪೋಟಿಗೆ ಇಳಿಯಬಹುದೆಂಬ ಭಯವನ್ನು 1989ರ ನಿಯಮ ತೆಗೆದುಹಾಕಿತು. 1996ರ ದೂರಸಂಪರ್ಕ ಕಾಯ್ದೆ ದೇಶಮಟ್ಟದ ಒಡೆತನದ ಮಿತಿಯನ್ನೇ ಅಳಿಸಿತು. ಆ ಬಳಿಕ ಕ್ಲಿಯರ್ ಚಾನೆಲ್ ಕಂಪನಿಯೊಂದರ ಕೈಯಲ್ಲೇ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಸೇರಿದವು. 2006ರಲ್ಲಿ ಊರು ಬದಲಾವಣೆಯ ವಿಧಾನವನ್ನು ಇನ್ನಷ್ಟು ಸಲೀಸು ಮಾಡಲಾಯಿತು.

ಎಚ್ಚರ ಮೂಡಿದ್ದು ತಡವಾಗಿ. ಕೇಂದ್ರದ ಸಿಗ್ನಲ್ ನಗರ ಪ್ರದೇಶದ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗವನ್ನು ಮುಟ್ಟುವುದಾದರೆ ಅದು ನಗರಕ್ಕೇ ಹೋಗುತ್ತಿದೆ ಎಂದು ಭಾವಿಸಲಾಗುವುದು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಅರ್ಜಿದಾರನದು ಎಂದು 2011ರಲ್ಲಿ ಎಫ್‌ಸಿಸಿ ಹೇಳಿತು. ಆ ಹೊತ್ತಿಗೆ ಲಾಭದ ಚಾನೆಲ್‌ಗಳು ಬಹುಮಟ್ಟಿಗೆ ಊರು ಬಿಟ್ಟಾಗಿತ್ತು. ಮುಂದಿನ ಸುತ್ತು ಟ್ರಾನ್ಸ್‌ಲೇಟರ್‌ಗಳದ್ದು. 250 ವಾಟ್‌ವರೆಗಿನ ಈ ಮರುಪ್ರಸಾರ ಯಂತ್ರಗಳನ್ನು 250 ಮೈಲಿ ದೂರದಿಂದಲೂ ತಂದುಕೊಳ್ಳಲು 2016ರಲ್ಲಿ ಎಎಂ ಕೇಂದ್ರಗಳಿಗೆ ಅವಕಾಶ ಸಿಕ್ಕಿತು. ಹಳ್ಳಿಗಳಲ್ಲಿದ್ದ ಟ್ರಾನ್ಸ್‌ಲೇಟರ್‌ಗಳು ಪೇಟೆಗೆ ಬಂದವು, ಜೊತೆಗೆ ಸಿಗ್ನಲ್ ತಿಕ್ಕಾಟದ ತಕರಾರೂ ಬಂತು. 2019ರ ನಿಯಮದಂತೆ ಅಂಥ ತಕರಾರು ದಾಖಲಾಗಬೇಕಾದರೆ ಜನಸಂಖ್ಯೆಗೆ ತಕ್ಕಂತೆ ಕನಿಷ್ಠ 6ರಿಂದ 25 ಕೇಳುಗರು ದೂರು ಕೊಡಬೇಕು. ಬೆರಳೆಣಿಕೆಯ ಮನೆಗಳಿರುವ ಕಣಿವೆಯಲ್ಲಿ ಆರು ಜನರನ್ನು ಒಟ್ಟುಮಾಡುವುದೂ ಹಗುರದ ಕೆಲಸವಲ್ಲ.

ಮಾಲೀಕರ ವಾದದಲ್ಲೂ ಹುರುಳಿದೆ. ಬಾಗಿಲು ಮುಚ್ಚುವ ಕೇಂದ್ರಕ್ಕಿಂತ ಬೇರೆಡೆ ಬದುಕುವ ಕೇಂದ್ರ ಮೇಲು. ಹೆಚ್ಚು ಜನರಿಗೆ ತಲುಪುವುದೂ ತರಂಗಾಂತರದ ಸದುಪಯೋಗವೇ. ಆದರೆ ನಗರದವರಿಗೆ ಸಿಗುವುದು ಮೂವತ್ತನೆಯ ಕೇಂದ್ರ, ಊರಿನವರು ಕಳೆದುಕೊಳ್ಳುವುದು ಇದ್ದ ಎರಡರಲ್ಲಿ ಒಂದನ್ನು. ಈ ಎರಡನ್ನೂ ಕೇಳುಗರ ತಲೆ ಎಣಿಸಿ ತೂಗಿದರೆ ಊರು ಯಾವಾಗಲೂ ಸೋಲುತ್ತದೆ.

ನಮ್ಮಲ್ಲಿ ಲೆಕ್ಕ ಬೇರೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ಬೆಂಗಳೂರಿನಲ್ಲೇ. ಇಲ್ಲಿ ಹರಾಜು ನಡೆಯುವುದು ನಗರವಾರು. ಮಂಗಳೂರಿಗೆ ಕೂಗಿದ ಚಾನೆಲ್ ಬೆಂಗಳೂರಿಗೆ ನಡೆದುಬರಲಾರದು. 234 ಹೊಸ ನಗರಗಳಲ್ಲಿ 730 ಚಾನೆಲ್‌ಗಳ ಹರಾಜಿಗೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದೂ ಇದೇ ಕ್ರಮದಲ್ಲಿ. ಹಾಗೆಂದು ಬೀಗುವಂತಿಲ್ಲ. ಟವರ್ ಊರಲ್ಲೇ ಉಳಿದು ಕಾರ್ಯಕ್ರಮ ದೂರದ ಸ್ಟುಡಿಯೊದಿಂದ ಹರಿದುಬರುವುದಕ್ಕೆ ನಮ್ಮ ನೀತಿಯಲ್ಲೂ ಎಡೆಯಿದೆ. ಲೈಸೆನ್ಸ್ ಇರುವ ಊರಿನಲ್ಲೋ ಅದರ ಆಸುಪಾಸಿನಲ್ಲೋ ಸ್ಟುಡಿಯೊ ಇರಬೇಕೆಂಬ ನಿಯಮವನ್ನು ಅಮೆರಿಕ 2017ರಲ್ಲಿ ಕೈಬಿಟ್ಟಿತು. ಅಲ್ಲೀಗ ಸ್ಥಳ ಬದಲಿಸದೆಯೂ ಊರು ಬಿಡಬಹುದು. ಹೊಸ ಚಾನೆಲ್ ಪಡೆಯಲಿರುವ ನಮ್ಮ ಸಣ್ಣ ನಗರಗಳು ಕೇಳಬೇಕಾದದ್ದು ಸಿಗ್ನಲ್ ಎಲ್ಲಿಯವರೆಗೆ ಬರುತ್ತದೆ ಎಂದಷ್ಟೇ ಅಲ್ಲ. ಮೈಕಿನ ಮುಂದೆ ನಮ್ಮೂರಿನವರು ದಿನಕ್ಕೆ ಎಷ್ಟು ಹೊತ್ತು ಇರುತ್ತಾರೆ ಎಂದೂ ಕೇಳಬೇಕು. ಆ ಉತ್ತರ ಹರಾಜಿನ ಕರಾರಿನಲ್ಲೇ ಬರೆದಿರಬೇಕು.