ಅಪ್ಪ-ಅಮ್ಮ ಹೊರಗೆ, ಮಗು ಮ್ಯಾಟ್ ಮೇಲೆ: ಯಾವಾಗ ಸರಿ?

ಪುಟ್ಟ ಮಕ್ಕಳ ಜಿಮ್ನಾಸ್ಟಿಕ್ಸ್ ತರಗತಿಗಳಲ್ಲಿ ಸಾಮಾನ್ಯವಾಗಿ ಎರಡು ಹಂತಗಳಿರುತ್ತವೆ. ನಡೆಯಲು ಕಲಿತಾಗಿನಿಂದ ಸುಮಾರು ಮೂರು ವರ್ಷದವರೆಗೆ ಅಮ್ಮನೋ ಅಪ್ಪನೋ ಮಗುವಿನ ಜೊತೆ ಮ್ಯಾಟ್ ಮೇಲೆಯೇ ಇರುತ್ತಾರೆ. ಕೈಹಿಡಿದು ಬೀಮ್ ಮೇಲೆ ನಡೆಸುತ್ತಾರೆ, ಲಾಗ ಹಾಕುವಾಗ ಬೆನ್ನಿಗೆ ಕೈ ಕೊಡುತ್ತಾರೆ. ಮುಂದಿನ ಹಂತದಲ್ಲಿ ದೊಡ್ಡವರು ಹೊರಗೆ, ಮಗು ಒಳಗೆ. ಈ ಬದಲಾವಣೆಯ ಹೊತ್ತಿಗೆ ಮನೆಯಲ್ಲಿ ಬಗೆಬಗೆಯ ಲೆಕ್ಕಾಚಾರ ಶುರುವಾಗುತ್ತದೆ. "ಮೈ ಚೆನ್ನಾಗಿ ಬಾಗುತ್ತೆ, ಕಳಿಸೋಣ", "ಪಕ್ಕದ ಮನೆ ಹುಡುಗ ಮೂರಕ್ಕೇ ಸೇರಿದ", "ಅಳ್ತಾಳೆ, ಈಗಲೇ ಬೇಡ". ಇವುಗಳಲ್ಲಿ ಹೆಚ್ಚಿನವು ಮಗುವಿನ ಮೈ, ವಯಸ್ಸು, ಕಣ್ಣೀರುಗಳನ್ನು ಅಳೆಯುತ್ತವೆ. ಆದರೆ ಒಳಗೆ ಮಗು ಮಾಡಬೇಕಾದ ಕೆಲಸ ಬೇರೆ. ಪರಿಚಯವಿಲ್ಲದ ದೊಡ್ಡವರೊಬ್ಬರ ಮಾತು ಕೇಳಬೇಕು, ಸರದಿಗೆ ಕಾಯಬೇಕು, ತನಗೇನು ಬೇಕೆಂದು ಬಾಯಿಬಿಟ್ಟು ಹೇಳಬೇಕು. ನೋಡಬೇಕಾದದ್ದು ಇದನ್ನು.

ತಪ್ಪು ಕಲ್ಪನೆ: ಮೂರು ತುಂಬಿದರೆ ಎಲ್ಲ ಮಕ್ಕಳೂ ಸಿದ್ಧ

ಸತ್ಯ: ಮೂರು ಎಂಬ ಗಡಿಗೆ ಕಾರಣವಿದೆ. ಹೆತ್ತವರು ಕಣ್ಮರೆಯಾದರೆ ಹುಟ್ಟುವ ಭಯ ಎಂಟು ತಿಂಗಳ ಆಸುಪಾಸಿನಲ್ಲಿ ಶುರುವಾಗಿ, ಒಂದು-ಒಂದೂವರೆ ವರ್ಷದ ಹೊತ್ತಿಗೆ ಜೋರಾಗಿ, ಮೂರರ ವೇಳೆಗೆ ಹೆಚ್ಚಿನ ಮಕ್ಕಳಲ್ಲಿ ತಗ್ಗುತ್ತದೆ. ಅಷ್ಟರಲ್ಲಿ ಮಾತೂ ಬಂದಿರುತ್ತದೆ. ಆದರೆ ತರಗತಿಗೆ ಬೇಕಾದ ಉಳಿದ ಗುಣಗಳು ಒಟ್ಟಿಗೇ ಬರುವುದಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ಪರಿಷ್ಕರಿಸಿದ ಬೆಳವಣಿಗೆಯ ಪಟ್ಟಿಯನ್ನೇ ನೋಡಿ. ಆಯಾ ವಯಸ್ಸಿಗೆ ಕನಿಷ್ಠ ಶೇ 75ರಷ್ಟು ಮಕ್ಕಳು ಮಾಡಬಲ್ಲ ಸಂಗತಿಗಳನ್ನು ಅದು ಕೊಡುತ್ತದೆ. ಬಿಟ್ಟುಹೋದ ಮೇಲೆ ಹತ್ತು ನಿಮಿಷದೊಳಗೆ ಸಮಾಧಾನವಾಗುವುದು ಮೂರು ವರ್ಷದ ಸಾಲಿನಲ್ಲಿದೆ. ಆಟದಲ್ಲಿ ನಿಯಮ ಪಾಲಿಸುವುದು ಅಥವಾ ಸರದಿಗೆ ಕಾಯುವುದು, ಒಂದು ಚಟುವಟಿಕೆಯಲ್ಲಿ ಐದರಿಂದ ಹತ್ತು ನಿಮಿಷ ಗಮನವಿಡುವುದು, ಒಂಟಿ ಕಾಲಲ್ಲಿ ಕುಪ್ಪಳಿಸುವುದು, ಇವೆಲ್ಲ ಇರುವುದು ಐದರ ಸಾಲಿನಲ್ಲಿ. ಅಂದರೆ ಮೂರರ ಮಗು ಸಾಲಿನಲ್ಲಿ ನಿಲ್ಲದೆ ಓಡಿಹೋದರೆ ಅದು ತುಂಟತನವಲ್ಲ, ವಯಸ್ಸು.

ತಪ್ಪು ಕಲ್ಪನೆ: ಶಾಲೆಗೆ ಅಳದೆ ಹೋಗುವ ಮಗುವಿಗೆ ಇದೇನು ಮಹಾ?

ಸತ್ಯ: ಅಂಗನವಾಡಿಗೋ ಶಿಶುವಿಹಾರಕ್ಕೋ ಹೋಗಿ ರೂಢಿಯಾದ ಮಗುವಿಗೆ ಮನೆಯವರಿಂದ ದೂರ ಇರುವುದು ಗೊತ್ತು. ಅದು ದೊಡ್ಡ ಅನುಕೂಲವೇ. ಆದರೆ ಅಲ್ಲಿ ದಿನಾ ಅದೇ ಕೋಣೆ, ಅದೇ ಟೀಚರ್, ಅದೇ ಗೆಳೆಯರು. ಜಿಮ್ನಾಸ್ಟಿಕ್ಸ್ ತರಗತಿ ಬಹಳ ಕಡೆ ವಾರಕ್ಕೆ ಒಂದೋ ಎರಡೋ ಸಲ. ಎತ್ತರದ ಸೂರು, ಪ್ರತಿಧ್ವನಿಸುವ ಸದ್ದು, ತನಗಿಂತ ದೊಡ್ಡ ಸಲಕರಣೆ, ಪಕ್ಕದಲ್ಲೇ ಹಾರುವ ದೊಡ್ಡ ಮಕ್ಕಳು. ಒಂದು ವಾರದ ಬಿಡುವಿನಲ್ಲಿ ಕೋಚ್ ಮುಖವೇ ಮರೆತಿರಬಹುದು. ಶಾಲೆಗೆ ನಗುನಗುತ್ತಾ ಹೋಗುವ ಮಗು ಇಲ್ಲಿ ಬಾಗಿಲಲ್ಲೇ ಅಮ್ಮನ ಸೆರಗು ಹಿಡಿದರೆ ಅದು ಹಟವಲ್ಲ. ಜಾಗ ಇನ್ನೂ ತನ್ನದಾಗಿಲ್ಲ, ಅಷ್ಟೆ. ಮೊದಲ ದಿನಕ್ಕಿಂತ ಮುಂಚೆ ಒಮ್ಮೆ ಕರೆದೊಯ್ದು ಜಾಗ ತೋರಿಸಿ, ಕೋಚ್ ಜೊತೆ ಎರಡು ಮಾತು ಆಡಿಸಿದರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ಕಲ್ಪನೆ: ಮೈ ಬಾಗುವ, ಹೆದರಿಕೆಯೇ ಇಲ್ಲದ ಮಗು ಮೊದಲು ಸಿದ್ಧವಾಗುತ್ತದೆ

ಸತ್ಯ: ಪುಟ್ಟ ಮಕ್ಕಳ ಮೈ ಬಾಗುವುದು ಸಹಜ, ಕಾಲ್ಬೆರಳನ್ನು ಬಾಯಿಗಿಡುವ ವಯಸ್ಸು ದಾಟಿ ಬಹಳ ದಿನವಾಗಿರುವುದಿಲ್ಲ. ಅದರಿಂದ ಪ್ರತಿಭೆಯನ್ನಾಗಲೀ ಸಿದ್ಧತೆಯನ್ನಾಗಲೀ ಅಳೆಯಲಾಗದು. ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರದು ಚಪ್ಪಟೆ ಪಾದ. ಈ ಆಟಕ್ಕೆ ಅದು ಅಡ್ಡಿಯೆಂದೇ ಎಣಿಸುತ್ತಾರೆ. ಅವರು 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು.

ಹೆದರಿಕೆ ಇಲ್ಲದ ಮಗುವಿನ ವಿಷಯದಲ್ಲಂತೂ ಎಚ್ಚರ ಒಂದು ಕೈ ಹೆಚ್ಚೇ ಬೇಕು. ವಾಲ್ಟ್‌ಗೆ ಓಡಿಬರುವ ದಾರಿಗೆ ಅಡ್ಡ ನುಗ್ಗಿದರೆ, ಒಬ್ಬರು ನೇತಾಡುತ್ತಿರುವ ಬಾರ್ ಕೆಳಗೆ ಹೋದರೆ, ಫೋಮ್ ತುಂಬಿದ ಗುಂಡಿಗೆ ಇನ್ನೊಬ್ಬರ ಮೇಲೆ ಹಾರಿದರೆ ಪೆಟ್ಟು ಖಚಿತ. ಆದ್ದರಿಂದ ಲಾಗಕ್ಕಿಂತ ಮೊದಲು ಬರಬೇಕಾದದ್ದು, "ನಿಲ್ಲು" ಎಂದರೆ ಮೊದಲ ಕೂಗಿಗೇ ನಿಲ್ಲುವುದು.

ಇದನ್ನು ಮನೆಯಲ್ಲೇ ನೋಡಬಹುದು. 'ಸ್ಟ್ಯಾಚೂ' ಆಟ ಆಡಿಸಿ, ಓಡುತ್ತಿರುವ ಮಗು ನಿಲ್ಲುತ್ತದೆಯೇ ನೋಡಿ. "ಚಪ್ಪಲಿ ಬಿಟ್ಟು ಬಂದು ಚಾಪೆ ಮೇಲೆ ಕೂತ್ಕೋ" ಎಂಬ ಎರಡು ಹೆಜ್ಜೆಯ ಮಾತನ್ನು ಒಮ್ಮೆ ಹೇಳಿದರೆ ಮಾಡುತ್ತದೆಯೇ ಗಮನಿಸಿ. ಆಮೇಲೆ ಅದನ್ನೇ ಅತ್ತೆಯೋ ಮಾವನೋ, ಮಗುವಿಗೆ ಅಷ್ಟು ಬಳಕೆಯಿಲ್ಲದ ಯಾರಾದರೂ ಹೇಳಲಿ. ಅಮ್ಮನ ಮಾತು ಕೇಳುವುದಕ್ಕೂ ಹೊರಗಿನವರ ಮಾತು ಕೇಳುವುದಕ್ಕೂ ವ್ಯತ್ಯಾಸವಿದೆ. ಅಕ್ಕಪಕ್ಕದ ಮಕ್ಕಳ ಜೊತೆ ಜಾರುಬಂಡಿಯ ಸಾಲಿನಲ್ಲಿ ತನ್ನ ಸರದಿ ಬರುವವರೆಗೆ ನಿಂತರೆ, ತರಗತಿಯಲ್ಲೂ ನಿಲ್ಲುವ ಸಾಧ್ಯತೆ ಹೆಚ್ಚು.

ತಪ್ಪು ಕಲ್ಪನೆ: ಅಳುವ ಮಗು ಇನ್ನೂ ಸಿದ್ಧವಿಲ್ಲ, ಅಳದ ಮಗು ಸಿದ್ಧ

ಸತ್ಯ: ಹೆಚ್ಚು ಜನ ಎಡವುವುದು ಇಲ್ಲಿ. ಬಿಟ್ಟುಹೋಗುವಾಗ ಅಳುವುದು ನಂಟಿನ ಗುರುತು. ನೋಡಬೇಕಾದದ್ದು ಅತ್ತಿತೋ ಇಲ್ಲವೋ ಎಂಬುದನ್ನಲ್ಲ, ಅತ್ತ ಮೇಲೆ ಏನಾಯಿತು ಎಂಬುದನ್ನು. ಕೋಚ್ ಕೈಹಿಡಿದರೆ ಸಮಾಧಾನವಾಯಿತೇ? ಐದು-ಹತ್ತು ನಿಮಿಷದಲ್ಲಿ ಆಟಕ್ಕಿಳಿಯಿತೇ? ಹೌದಾದರೆ ಆ ಮಗು ಸಿದ್ಧವಾಗುತ್ತಿದೆ. ಅದೇ, ಅಳದೆ ಗೋಡೆಗಂಟಿ ಇಡೀ ತರಗತಿ ಕಳೆದು, ಮನೆಗೆ ಬಂದ ಮೇಲೆ ಊಟ-ನಿದ್ದೆಗೆ ರಂಪ ಮಾಡುವ ಮಗುವಿನ ಕಡೆ ಹೆಚ್ಚು ಗಮನ ಬೇಕು. ಅದು ಸುಮ್ಮನಿದೆ ಎಂಬ ಕಾರಣಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಿಡುವ ರೀತಿಯೂ ಮುಖ್ಯ. "ನೀರು ಕುಡಿದು ಬರ್ತೀನಿ" ಎಂದು ಕಣ್ತಪ್ಪಿಸಿ ಹೋಗುವುದು ನಮ್ಮಲ್ಲಿ ಹಳೆಯ ಉಪಾಯ. ಆ ದಿನಕ್ಕೆ ಅದು ಫಲಿಸಬಹುದು, ಮರುವಾರ ಮಗು ನಿಮ್ಮನ್ನು ಕ್ಷಣವೂ ಬಿಡುವುದಿಲ್ಲ. ಅದರ ಬದಲು ಚಿಕ್ಕದಾಗಿ, ನಿಜ ಹೇಳಿ: "ಕ್ಲಾಸ್ ಮುಗಿದ ತಕ್ಷಣ ಈ ಬೆಂಚಿನ ಹತ್ರಾನೇ ಇರ್ತೀನಿ ಕಂದ." ಹೇಳಿದ ಹೊತ್ತಿಗೆ ಅಲ್ಲಿರಿ. "ಅತ್ರೆ ಕೋಚ್ ಹೊಡೀತಾರೆ" ಎಂದು ಹೆದರಿಸಬೇಡಿ. ಮಗು ನಂಬಬೇಕಾದ ವ್ಯಕ್ತಿಯನ್ನೇ ಗುಮ್ಮ ಮಾಡಿದ ಹಾಗಾಗುತ್ತದೆ. ನಿಧಾನಕ್ಕೆ ಹೊಂದಿಕೊಳ್ಳುವ ಮಗುವಾದರೆ, ಮೊದಲ ತರಗತಿಯಲ್ಲಿ ಮ್ಯಾಟ್ ಅಂಚಿನಲ್ಲಿ, ಮುಂದಿನದರಲ್ಲಿ ಬಾಗಿಲ ಬಳಿ, ಆಮೇಲೆ ಕಿಟಕಿಯಾಚೆ ಕೂರಲು ಅವಕಾಶ ಕೇಳಿ. ಹಲವು ತರಗತಿ ಕಳೆದರೂ ಅಳು ತಗ್ಗದಿದ್ದರೆ, ಮಗು ಬಟ್ಟೆ ಹಾಕಿಕೊಳ್ಳುವಾಗಲೇ ನಡುಗಿದರೆ, ಜೊತೆಗಿರುವ ತರಗತಿಗೆ ಮರಳುವುದು ಸೋಲಲ್ಲ.

ತಪ್ಪು ಕಲ್ಪನೆ: ಮಗು ಹೇಳದಿದ್ದರೂ ಕೋಚ್‌ಗೆ ಗೊತ್ತಾಗುತ್ತದೆ

ಸತ್ಯ: ಹಲವು ಮಕ್ಕಳನ್ನು ಒಟ್ಟಿಗೆ ನೋಡುವವರಿಗೆ ಎಲ್ಲವೂ ಕಾಣದು. "ಸುಸ್ಸು ಬಂತು", "ನೀರು ಬೇಕು", "ಇಲ್ಲಿ ನೋಯ್ತಿದೆ", "ನಂಗೆ ಬೇಡ" ಎಂಬ ನಾಲ್ಕು ಮಾತನ್ನು ಹೊರಗಿನವರ ಎದುರು ಹೇಳಬಲ್ಲ ಮಗು ಅರ್ಧಕ್ಕಿಂತ ಹೆಚ್ಚು ಸಿದ್ಧ. ಕೋಚ್‌ಗೆ ಕನ್ನಡ ಬರದಿದ್ದರೆ, ಅಥವಾ ಹೊರನಾಡಿನಲ್ಲಿರುವ ಮನೆಯ ಮಗುವಿಗೆ ಅಲ್ಲಿನ ಭಾಷೆ ಬರದಿದ್ದರೆ, ಇಷ್ಟನ್ನಾದರೂ ಆ ಭಾಷೆಯಲ್ಲಿ ಕಲಿಸಿ. ಇಲ್ಲವೇ ಮನೆಮಾತಿನ ಪದಗಳನ್ನು ಕೋಚ್‌ಗೆ ತಿಳಿಸಿ.

ಇನ್ನೂ ಒಂದು ಕಾರಣಕ್ಕೆ ಮಾತು ಬೇಕು. ಈ ಆಟದಲ್ಲಿ ಮಗು ಬೀಳದಂತೆ ಕೋಚ್ ಸೊಂಟ, ಬೆನ್ನು, ತೊಡೆಗಳಿಗೆ ಕೈ ಕೊಡಬೇಕಾಗುತ್ತದೆ. ಅದು ಎಲ್ಲಿ, ಯಾಕೆ ಎಂದು ಮಗುವಿಗೂ ನಿಮಗೂ ಮೊದಲೇ ಗೊತ್ತಿರಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ನೂರಾರು ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ. ಕೆಲವು ಸಲ ಹೆತ್ತವರು ಅದೇ ಕೋಣೆಯಲ್ಲಿದ್ದಾಗಲೇ. 2018ರಲ್ಲಿ ಅವನಿಗೆ ದೀರ್ಘಾವಧಿ ಜೈಲು ಶಿಕ್ಷೆಯಾಯಿತು. ಹತ್ತಿರ ಇರುವುದೊಂದೇ ರಕ್ಷಣೆಯಲ್ಲ, ಮಗು ಬಂದು ಹೇಳಿದರೆ ನಂಬುವುದೂ ರಕ್ಷಣೆಯೇ. ನಮ್ಮಲ್ಲಿ ಇಂಥದ್ದಕ್ಕೆ 2012ರ ಪೋಕ್ಸೊ ಕಾಯ್ದೆ ಇದೆ, 1098 ಮಕ್ಕಳ ಸಹಾಯವಾಣಿ ಇದೆ.

ತಪ್ಪು ಕಲ್ಪನೆ: ಈಗ ಸೇರಿಸದಿದ್ದರೆ ತಡವಾಗುತ್ತದೆ

ಸತ್ಯ: ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ ಸಿಮೋನ್ ಬೈಲ್ಸ್ ಈ ಆಟಕ್ಕೆ ಬಂದದ್ದು ಆರನೆಯ ವಯಸ್ಸಿನಲ್ಲಿ. ದೀಪಾ ಕೂಡ ಆರಕ್ಕೇ. ಜಪಾನಿನ ಕೊಹೇ ಉಚಿಮುರಾ ಮೂರಕ್ಕೇ ಶುರು ಮಾಡಿದರು ನಿಜ, ಆದರೆ ಅದು ಅವರ ಹೆತ್ತವರೇ ನಡೆಸುತ್ತಿದ್ದ ಕೇಂದ್ರ. ಮಹಿಳೆಯರ ಹಿರಿಯರ ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆಗೆ ಆ ವರ್ಷದೊಳಗೆ 16 ತುಂಬಲೇಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪ್ರಕಾರವೂ ಹೆಚ್ಚಿನ ಮಕ್ಕಳು ನಿಯಮಬದ್ಧ ಕ್ರೀಡೆಗೆ ಸಿದ್ಧರಾಗುವುದು ಆರರ ಆಸುಪಾಸಿನಲ್ಲಿ.

ತರಗತಿ ಆರು ತಿಂಗಳು ಮುಂದೆ ಹೋದರೆ ಮಗುವಿಗೆ ನಷ್ಟವಿಲ್ಲ, ಓಡಾಟ ನಿಂತರೆ ನಷ್ಟ. ಮೂರು-ನಾಲ್ಕು ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಟುವಟಿಕೆಯಿಂದಿರಬೇಕು, ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ವಾರಕ್ಕೊಂದು ತರಗತಿ ಇದರಲ್ಲಿ ಒಂದು ಚೂರು. ಉಳಿದದ್ದನ್ನು ಅಂಗಳ, ಪಾರ್ಕು, ಕುಂಟೆಬಿಲ್ಲೆ, ಮುಟ್ಟಾಟಗಳೇ ಕೊಡಬೇಕು. ಒಂಟಿ ಕಾಲು, ಸಮತೋಲ, ಸರದಿ, ಮೂರನ್ನೂ ಕುಂಟೆಬಿಲ್ಲೆ ಬಿಟ್ಟಿಯಾಗಿ ಕಲಿಸುತ್ತದೆ.

ತಪ್ಪು ಕಲ್ಪನೆ: ಸಿದ್ಧವಾಗಬೇಕಾದದ್ದು ಮಗು ಮಾತ್ರ

ಸತ್ಯ: ತರಗತಿಯೂ ಮಗುವಿಗೆ ಸಿದ್ಧವಾಗಿರಬೇಕು. ಹಣ ಕಟ್ಟುವ ಮೊದಲು ಒಂದು ತರಗತಿ ಪೂರ್ತಿ ಕೂತು ನೋಡಿ. ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಒಂದು ಸರದಿಗೆ ಎಷ್ಟು ಹೊತ್ತು ಕಾಯುತ್ತಾರೆ? ಮೂರರವರನ್ನೂ ಏಳರವರನ್ನೂ ಒಂದೇ ಸಾಲಿಗೆ ಹಾಕಿದ್ದಾರೆಯೇ? ವಾರವಾರವೂ ಅದೇ ಕೋಚ್ ಇರುತ್ತಾರೆಯೇ? ಹೊರಗಿನಿಂದ ಒಳಗೆ ಕಾಣುತ್ತದೆಯೇ? ಶೌಚಕ್ಕೆ ಯಾರು ಕರೆದೊಯ್ಯುತ್ತಾರೆ? ಅಳುವ ಮಗುವನ್ನು ಗದರಿಸುತ್ತಾರೋ, ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೋ? "ಹೆತ್ತವರು ನೋಡುವ ಹಾಗಿಲ್ಲ" ಎಂಬ ನಿಯಮವಿದ್ದರೆ ಕಾರಣ ಕೇಳಿ. ಮಗುವಿನ ಗಮನ ಚದುರದಿರಲೆಂದು ಗಾಜಿನಾಚೆ ಕೂರಿಸುವುದು ಬೇರೆ, ಬಾಗಿಲು ಹಾಕಿಕೊಳ್ಳುವುದು ಬೇರೆ. ಮಾತು ತಡವಾಗಿ ಬಂದ, ಅವಧಿಗೆ ಮೊದಲು ಹುಟ್ಟಿದ, ಸದ್ದಿಗೆ ಬೆಚ್ಚುವ ಮಗುವಾದರೆ ಮಕ್ಕಳ ವೈದ್ಯರ ಸಲಹೆಯನ್ನೂ ಪಡೆಯಿರಿ.

ಇಷ್ಟೆಲ್ಲ ನೋಡಿದ ಮೇಲೂ ಮಗು ಹೊಂದಿಕೊಳ್ಳದಿದ್ದರೆ ಮೊದಲು ಸಮಯ ಬದಲಿಸಿ ನೋಡಿ. ಮಧ್ಯಾಹ್ನದ ನಿದ್ದೆ ಕೆಟ್ಟ ಮಗು ಸಂಜೆ ಯಾವ ಕೋಚ್‌ನ ಮಾತನ್ನೂ ಕೇಳದು. ಆಮೇಲೆ ತರಗತಿ ಬದಲಿಸಿ, ಅದೂ ಆಗದಿದ್ದರೆ ಕೆಲವು ತಿಂಗಳು ಬಿಟ್ಟು ಮತ್ತೆ ಬನ್ನಿ. ಮಗುವನ್ನೇ ಬದಲಿಸಲು ಹೊರಡುವುದೊಂದು ಬೇಡ.